ಮೈಮೇಲಿನ ದಾರ



ಪೇಶ್ವೆಗಳ ಕಾಲದ ಮರಾಠಾ ನಾಡಿನಲ್ಲಿ ಅಸ್ಪೃಶ್ಯರು ಕೈಗೋ ಕೊರಳಿಗೋ ಕರಿದಾರ ಕಟ್ಟಿಕೊಂಡೇ ಓಡಾಡಬೇಕಿತ್ತೆಂದು ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಅದನ್ನು ಓದಿದವರಿಗೆ ಧರ್ಮದ ಹೆಸರಿನ ಯಾವ ದಾರ ಕಂಡರೂ ಸಿಟ್ಟು ಬರುತ್ತದೆ. ನನಗೂ ಬರುತ್ತದೆ. ಆದರೆ ಯಹೂದಿಗಳ ದಾರದ ಬಗ್ಗೆ ತಿಳಿದ ಮೇಲೆ ಒಂದು ಪ್ರಶ್ನೆ ಎದ್ದಿದೆ: ಮೈಮೇಲಿನ ಗುರುತು ಯಾರ ಕಣ್ಣಿಗಾಗಿ?

ಸಂಪ್ರದಾಯಸ್ಥ ಯಹೂದಿ ಗಂಡಸರು ಬೆಳಗಿನ ಪ್ರಾರ್ಥನೆಗೆ 'ತಲ್ಲಿತ್' ಎಂಬ ಶಾಲು ಹೊದೆಯುತ್ತಾರೆ. ಅದರ ನಾಲ್ಕು ಮೂಲೆಗಳಲ್ಲೂ ಗಂಟು ಹಾಕಿದ ದಾರದ ಕುಚ್ಚು, ಹೆಸರು 'ತ್ಸಿತ್ಸಿತ್'. ಅವರ ಧರ್ಮಗ್ರಂಥ ತೋರಾ ಕಾರಣವನ್ನೂ ಹೇಳುತ್ತದೆ. ತೊಟ್ಟವನೇ ಅದನ್ನು ನೋಡಬೇಕು, ತನ್ನ ಕರ್ತವ್ಯ ನೆನೆಯಬೇಕು, ಕಣ್ಣು ಮನಸ್ಸು ಹರಿದತ್ತ ಹೋಗಬಾರದು. ಕುಚ್ಚಿನಲ್ಲಿ ಒಂದು ಎಳೆ ನೀಲಿ ಇರಬೇಕಿತ್ತು. (ನೀಲಿ ಎಂದರೆ ನಮಗೂ ಕಿವಿ ನೆಟ್ಟಗಾಗುತ್ತದೆ!) ಕಡಲಿನ ಜೀವಿಯಿಂದ ಆ ಬಣ್ಣ ತೆಗೆಯುವ ವಿದ್ಯೆ ಮರೆತುಹೋಯಿತು, ಶತಮಾನಗಳ ಕಾಲ ಬರೀ ಬಿಳಿ ದಾರ ಕಟ್ಟಿಕೊಂಡರು. ಬಣ್ಣ ಹೋದರೂ ನೆನಪಿಸುವ ಕೆಲಸ ನಡೆಯಿತು. ಸತ್ತವನನ್ನು ಅವನ ತಲ್ಲಿತ್ ಹೊದಿಸಿಯೇ ಹೂಳುತ್ತಾರೆ, ಆದರೆ ಒಂದು ಕುಚ್ಚು ಕತ್ತರಿಸಿ. ಅವನಿಗೆ ಇನ್ನು ಕರ್ತವ್ಯವಿಲ್ಲ.

ಇದೇ ಜನಕ್ಕೆ ಬೇರೆಯವರು ಹೊಲಿಸಿದ ಗುರುತೂ ಇತ್ತು. 1215ರಲ್ಲಿ ರೋಮಿನಲ್ಲಿ ಸೇರಿದ ಕ್ರೈಸ್ತ ಧರ್ಮಸಭೆ, ಯಹೂದಿಗಳು ಬಟ್ಟೆಯಿಂದಲೇ ಬೇರೆಯಾಗಿ ಕಾಣಬೇಕೆಂದು ವಿಧಿಸಿತು. 1941ರಲ್ಲಿ ಜರ್ಮನಿಯ ನಾಜಿಗಳು ಹಳದಿ ನಕ್ಷತ್ರ ಹೊಲಿದುಕೊಳ್ಳಲು ಆಜ್ಞೆ ಮಾಡಿದರು. ಇವೆಲ್ಲ ನಮ್ಮ ಕರಿದಾರದ ಒಡಹುಟ್ಟುಗಳು. ತೊಟ್ಟವನ ಮನಸ್ಸಿಗೆ ಅಲ್ಲಿ ಕೆಲಸವೇ ಇಲ್ಲ. ನೋಡಿದವನು ದೂರ ಸರಿದರೆ ಸಾಕು.

ಹಾಗೆಂದು ತಲ್ಲಿತನ್ನು ಬರೀ ಹೊಗಳಲಾರೆ. ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಅದನ್ನು ಹೊದ್ದು ಪ್ರಾರ್ಥಿಸುವ ಹಕ್ಕಿಗಾಗಿ ಹೆಂಗಸರು 1988ರಿಂದ ಹೋರಾಡಿದರು. 2009ರಲ್ಲಿ ಒಬ್ಬಾಕೆಯನ್ನು ಪೊಲೀಸರು ಅದಕ್ಕಾಗಿಯೇ ಹಿಡಿದರು. ನೆನಪಿಸುವ ದಾರಕ್ಕೂ ಯಜಮಾನರು ಹುಟ್ಟಿಕೊಂಡರು.

ಚೀವರ ಉಡುವ ಭಿಕ್ಖು, ಇದು ಚಳಿ ಬಿಸಿಲು ಸೊಳ್ಳೆ ತಡೆಯಲು, ಮಾನ ಮುಚ್ಚಲು ಎಂದಷ್ಟೇ ನೆನೆಯಬೇಕೆಂದು ಧಮ್ಮದಲ್ಲಿದೆ. 1956ರ ಅಕ್ಟೋಬರ್ 14ರಂದು ನಾಗಪುರಕ್ಕೆ ನಮ್ಮ ಜನ ಬಿಳಿ ಬಟ್ಟೆ ಉಟ್ಟು ಬಂದರು. ಇಂದು ಬುದ್ಧಪೂರ್ಣಿಮೆಗೆ ಬಿಳಿ ಸೀರೆ, ಬಿಳಿ ಅಂಗಿ ತೊಡುವಾಗ ನಮಗೆ ಪಂಚಶೀಲ ನೆನಪಾಗುತ್ತದೆಯೋ, ಗ್ರೂಪಿಗೆ ಹಾಕುವ ಫೋಟೋ ನೆನಪಾಗುತ್ತದೆಯೋ? ಎರಡನೆಯದೇ ಹೆಚ್ಚೆಂದು ನನ್ನ ಅನುಮಾನ. ಭಾನುವಾರ ವಿಹಾರದಲ್ಲಿ ಇದನ್ನೇ ಮಾತಾಡೋಣ.