ಖಾಲಿ ಮನೆಯ ಬಾಗಿಲು ಯಾರಿಗಾಗಿ?

ಅಂಗಡಿ ತೆರೆಯಲು, ಗಾಡಿ ಓಡಿಸಲು, ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಏನನ್ನೋ ಮಾಡಹೊರಟವನು ಊರನ್ನು ಒಂದು ಮಾತು ಕೇಳಲಿ, ಸರಿಯೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮನೆಯನ್ನು ಸುಮ್ಮನೆ ಖಾಲಿ ಬಿಡುವುದಕ್ಕೂ ಲೈಸೆನ್ಸ್ ಬೇಕು. ಏನೂ ಮಾಡದಿರಲು ಅಪ್ಪಣೆ! ನಗರಸಭೆ ಶುಲ್ಕ ಕೀಳಲು ಹೂಡಿದ ಉಪಾಯ ಎನಿಸಬಹುದು; ಸ್ವಲ್ಪ ಅದೂ ಇದ್ದೀತು.

ಆದರೆ ಆ ಊರಿನ ಬಹುಪಾಲು ಮನೆಗಳು ಸಾಲುಮನೆಗಳು. ಎರಡು ಮನೆಗಳ ನಡುವೆ ಒಂದೇ ಗೋಡೆ. 1950ರಲ್ಲಿ 20 ಲಕ್ಷ ದಾಟಿದ್ದ ಜನಸಂಖ್ಯೆ, ಕಾರ್ಖಾನೆಗಳು ಮುಚ್ಚುತ್ತ ಹೋದಂತೆ, 2000ದ ಹೊತ್ತಿಗೆ 15 ಲಕ್ಷದ ಆಸುಪಾಸಿಗೆ ಇಳಿಯಿತು. ಜನ ಎದ್ದು ಹೋದರು, ಮನೆಗಳು ಹೋಗಲಾರವಲ್ಲ. ಖಾಲಿ ಮನೆಯ ಮಾಡು ಸೋರಿದರೆ ತೇವ ಏರುವುದು ಪಕ್ಕದವರು ಮಲಗುವ ಕೋಣೆಗೆ. ಒಡೆಯ ಎಲ್ಲೋ ಇರುತ್ತಾನೆ. 'ನನ್ನ ಮನೆ, ನನ್ನಿಷ್ಟ' ಎಂಬ ಮಾತು ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಆ ಗೋಡೆಯೇ ಉತ್ತರ. ಸುಮ್ಮನಿರುವುದೂ ಅಲ್ಲಿ ಒಂದು ಕೆಲಸ. ಅದಕ್ಕೂ ಫಲವುಂಟು, ಉಣ್ಣುವವರು ಮಾತ್ರ ಬೇರೆ.

ಬಾಡಿಗೆಗೆ ಕೊಡುವವರಿಗೂ ಅಲ್ಲಿ ಲೈಸೆನ್ಸ್ ಉಂಟು. ಮನೆ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರವನ್ನು ಬಾಡಿಗೆದಾರನ ಕೈಗೆ ಕೊಡಬೇಕು. ಲೈಸೆನ್ಸ್ ಇಲ್ಲದ ಮಾಲೀಕನಿಗೆ ಬಾಡಿಗೆ ಕೇಳುವ ಹಕ್ಕೇ ಇಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಕಟ್ಟುಕಥೆಯಂತೆ ಕೇಳಿಸೀತು. ನಮ್ಮಲ್ಲಿ ಪರೀಕ್ಷೆಗೆ ಕೂರುವವನು ಬಾಡಿಗೆದಾರ: ಯಾವ ಕಡೆಯವರು, ಮಾಂಸ ತಿಂತೀರಾ, ಮದುವೆ ಆಗಿದೆಯಾ, ಆಧಾರ್ ಎಲ್ಲಿ. ಗೋಡೆ ಯಾಕೆ ಬೆವರುತ್ತಿದೆ ಎಂದು ತಿರುಗಿ ಕೇಳಿದರೆ ಮನೆ ಇನ್ನೊಬ್ಬರ ಪಾಲಾಗುತ್ತದೆ.

ಫಿಲಡೆಲ್ಫಿಯಾದ ಇನ್ನೊಂದು ನಿಯಮ ಇದಕ್ಕಿಂತ ವಿಚಿತ್ರ. 2011ರಲ್ಲಿ ಜಾರಿಗೆ ಬಂದದ್ದು. ಖಾಲಿ ಮನೆಯ ಬಾಗಿಲು ಕಿಟಕಿಗಳಿಗೆ ಪ್ಲೈವುಡ್ ಬಡಿದು ಕೈತೊಳೆದುಕೊಳ್ಳುವಂತಿಲ್ಲ. ತೆರೆದು ಮುಚ್ಚಬಲ್ಲ ನಿಜವಾದ ಬಾಗಿಲು, ನಿಜವಾದ ಕಿಟಕಿ ಇರಬೇಕು. ತಪ್ಪಿದರೆ ಒಂದೊಂದು ಕಿಂಡಿಗೂ ದಿನಕ್ಕೆ 300 ಡಾಲರ್‌ವರೆಗೆ ದಂಡ. ಒಳಗೆ ಯಾರೂ ಇಲ್ಲ, ತಟ್ಟುವವರಿಲ್ಲ, ತೆಗೆಯುವವರಿಲ್ಲ. ಹಾಗಾದರೆ ಇದು ಇಲ್ಲದವರನ್ನು ಇದ್ದಂತೆ ತೋರಿಸುವ ನಾಟಕವೇ? ನನಗೆ ಹಾಗನಿಸುವುದಿಲ್ಲ. ಮನೆಯ ಒಳಗು ಒಡೆಯನದು, ಒಪ್ಪೋಣ. ಅದರ ಮುಖವನ್ನು ದಿನವೂ ನೋಡುವವರು ಎದುರುಮನೆಯವರು, ಶಾಲೆಗೆ ನಡೆದುಹೋಗುವ ಮಕ್ಕಳು. ಬಡಿದಿಟ್ಟ ಹಲಗೆ ಅವರಿಗೆ 'ಇಲ್ಲಿ ಕೇಳುವವರಿಲ್ಲ' ಎನ್ನುತ್ತದೆ, ಕಳ್ಳನಿಗೂ ಅದನ್ನೇ ಹೇಳುತ್ತದೆ. ಬಾಗಿಲಿಗೆ ಆ ಮಾತನ್ನು ಸುಳ್ಳು ಮಾಡುವ ಶಕ್ತಿಯಿದೆ, ಏಕೆಂದರೆ ಯಾರೋ ಹಣ ತೆತ್ತು ಅದನ್ನು ಕೂರಿಸಿದ್ದಾರೆ. ಅಷ್ಟರಮಟ್ಟಿಗೆ ಕೇಳುವವರು ಇದ್ದೇ ಇದ್ದಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೀಗೆ ಸರಿಪಡಿಸಿದ ಮನೆಗಳ ಸುತ್ತ ಬಂದೂಕಿನ ಹಲ್ಲೆಗಳು ತಗ್ಗಿದ್ದವು. ನೋಟಿಸಿಗೆ ಮಣಿದ ಮಾಲೀಕರು ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಎಂಬುದನ್ನೂ ಸೇರಿಸಿಯೇ ಇದನ್ನು ಓದಬೇಕು.

ನನ್ನ ತಕರಾರು ಬೇರೆಯದು. ಬಹುಪಾಲು ಮನೆಗಳಲ್ಲಿ ಜನವಿರುವ ಬೀದಿಗಳಿಗೆ ಮಾತ್ರ ಈ ನಿಯಮ ಅನ್ವಯ. ನೋಡುವ ಕಣ್ಣುಗಳೇ ಇಲ್ಲದ ಕಡೆ ಬಾಗಿಲು ಕೂರಿಸುವುದು ವ್ಯರ್ಥ ಎಂಬ ಲೆಕ್ಕ ಅರ್ಥವಾಗುತ್ತದೆ. ಆದರೆ ಅರ್ಧ ಬೀದಿ ಬರಿದಾದ ಮೇಲೂ ಊರು ಬಿಡದೆ ಉಳಿದ ಸಂಸಾರವೂ ತೆರಿಗೆ ಕಟ್ಟುತ್ತದೆ. ಎಡಕ್ಕೂ ಬಲಕ್ಕೂ ಹಲಗೆ ಬಡಿದ ಮನೆಗಳ ನಡುವೆ ಬದುಕುವ ಅವರಿಗೆ ಈ ಬಾಗಿಲು ಉಳಿದೆಲ್ಲರಿಗಿಂತ ಹೆಚ್ಚು ಬೇಕಿತ್ತು.