ದಾನಿ ಎಂಬ ಮಾತು

ನನಗೆ ಸೈಕಲ್ಲಿನ ಚೈನು ತಪ್ಪಿದರೆ ಹಾಕಲೂ ಬಾರದು. ಅಂಥವಳು ಕಾರಿನ ಎಂಜಿನ್ನಿನ ವಿಷಯ ಬರೆಯಲು ಕುಳಿತಿದ್ದೇನೆಂದರೆ ನಮ್ಮ ಸ್ಟಾಫ್ ರೂಮಿನವರು ನಕ್ಕಾರು. ಆದರೆ 2023ರ ಬೇಸಿಗೆ ರಜೆಯಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಒಂದು ಮನೆಯ ಗ್ಯಾರೇಜಿನಲ್ಲಿ ಕಿವಿಗೆ ಬಿದ್ದ ಒಂದು ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದು ಅಕ್ಕನ ಮಗನ ಮನೆ. ಅಕ್ಕನೂ ನಾನೂ ಜೊತೆಯಲ್ಲೇ ಹೋಗಿದ್ದೆವು. ಅವನ ಗ್ಯಾರೇಜಿನಲ್ಲಿ ಎರಡು ಹಳೆಯ ಕಾರುಗಳಿದ್ದವು. ಒಂದು 1977ರ ಎಂ.ಜಿ.ಬಿ. ಇಬ್ಬರೇ ಕೂರುವ, ಮೇಲಿನ ಹೊದಿಕೆ ಮಡಚಿಡುವ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಈ ಹೆಸರಿನ ಕಾರುಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವು, ಹೆಚ್ಚಿನವು ಅಮೆರಿಕಕ್ಕೇ ಹೋದವು. ಎಪ್ಪತ್ತರ ದಶಕದಲ್ಲಿ ಅಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಅದರ ನಾಲ್ಕು ಸಿಲಿಂಡರಿನ ಎಂಜಿನ್ನು ತನ್ನ ಕಸುವು ಕಳೆದುಕೊಂಡಿತು. ನೋಡಲು ರಾಜಕುಮಾರ, ಏರು ಬಂದರೆ ಏದುಸಿರು.

ಇನ್ನೊಂದು 1995ರ ಶೆವರ್ಲೆ ಕಮಾರೊ. ಹಿಂಬದಿ ಯಾವುದೋ ಲಾರಿ ಗುದ್ದಿ ನಜ್ಜುಗುಜ್ಜಾಗಿತ್ತು. ಮುಂಭಾಗಕ್ಕೆ ಒಂದು ಗೀರೂ ಇರಲಿಲ್ಲ. ಅದರೊಳಗೆ 3.4 ಲೀಟರಿನ, ಆರು ಸಿಲಿಂಡರಿನ, 160 ಅಶ್ವಶಕ್ತಿಯ ಎಂಜಿನ್ನು. ಎಂ.ಜಿ.ಬಿ.ಯದು ಅದರ ಅರ್ಧವೂ ಇಲ್ಲ. ಹೊಸದರ ಎಂಜಿನ್ನು, ಐದು ಗೇರಿನ ಗೇರ್ ಬಾಕ್ಸು ಎರಡನ್ನೂ ಒಟ್ಟಿಗೆ ಎತ್ತಿ ಹಳೆಯದರೊಳಗೆ ಕೂರಿಸುವುದು ಹುಡುಗನ ಯೋಜನೆ.

"ಬರೀ ಎಂಜಿನ್ ಕೊಂಡ್ರೆ ಆಗಲ್ವೇನೋ?" ಎಂದೆ. ನನಗೆ ಖರ್ಚಿನ ಚಿಂತೆ.

"ಆಗಲ್ಲ ಚಿಕ್ಕಮ್ಮ. ವೈರಿಂಗ್, ಕಂಪ್ಯೂಟರ್, ಸೆನ್ಸರು, ಪೆಟ್ರೋಲ್ ಪಂಪು, ಎಲ್ಲಾ ಒಂದೇ ಗಾಡಿದು ಬೇಕು. ಬಿಡಿಬಿಡಿಯಾಗಿ ಹುಡುಕ್ತಾ ಹೋದ್ರೆ ಜೀವನ ಮುಗಿಯುತ್ತೆ. ಅದಕ್ಕೇ ಇಡೀ ಕಾರು ತಗೊಂಡೆ. ಇದು ಡೋನರ್."

ಡೋನರ್ ಎಂದರೆ ದಾನಿ. ಕನ್ನಡ ಮೇಷ್ಟರಾದವರಿಗೆ ಒಂದು ರೋಗ, ಯಾವ ಶಬ್ದ ಬಿದ್ದರೂ ಮನಸ್ಸು ತಾನಾಗಿ ಅರ್ಥ ಬರೆದುಕೊಳ್ಳುತ್ತದೆ.

ಬಿಚ್ಚುವ ಮೊದಲು ಎಂಜಿನ್ನು ಸರಿಯಿದೆಯೇ ಎಂದು ನೋಡಲು ಅವನು ಕಮಾರೊದ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಆ ಸದ್ದಿಗೆ, ತಂಪಿಗೆ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು.

"ಓಡ್ತಾ ಇದೆಯಲ್ಲೋ ಮಾರಾಯ. ಇದನ್ಯಾಕೆ ಬಿಚ್ಚೋದು?"

"ಹಿಂದ್ಗಡೆ ಹೋಗಿದೆ ಅಮ್ಮ. ರಿಪೇರಿ ಮಾಡಿದ್ರೂ ಇದಕ್ಕೆ ಬೆಲೆ ಬರಲ್ಲ. ಅದಕ್ಕೆ ಬೆಲೆ ಇದೆ."

ಅಕ್ಕ ಕಮಾರೊದ ಬಾನೆಟ್ ಮೇಲೆ ಒಂದು ಕ್ಷಣ ಕೈಯಿಟ್ಟಳು. ಬೆಚ್ಚಗಿತ್ತೋ ಏನೋ. ಆಮೇಲೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಬೇಕು ಎಂದು ಒಳಗೆ ಹೋದಳು.

ಮುಂದಿನ ವಾರಗಳಲ್ಲಿ ನಾನು ಬೇರೆ ಕೆಲಸವಿಲ್ಲದೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಎಂಜಿನ್ನನ್ನು ಸರಪಳಿಯಲ್ಲಿ ಎತ್ತುವುದು ಒಂದು ಮಧ್ಯಾಹ್ನದ ಕೆಲಸ. ಕೂರಿಸುವುದೇ ಕಷ್ಟ. ಹಿಡಿದು ನಿಲ್ಲಿಸುವ ಹೊಸ ಆಸರೆಗಳನ್ನು ಬೆಸುಗೆ ಹಾಕಬೇಕು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡವನ್ನು ಅಳತೆಗೆ ತಕ್ಕಂತೆ ಮಾಡಿಸಬೇಕು. ಸ್ಟೇರಿಂಗಿನ ಸಲಾಕೆಗೆ ತಾಗಬಾರದು. ಓಟ ಹೆಚ್ಚಿದರೆ ಬ್ರೇಕೂ ಹೆಚ್ಚಬೇಕು. ಇವೆಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ವೈರುಗಳು. ಸೀಗೆ ಪೊದೆಯಂಥ ಆ ಗೋಜಲಿನಿಂದ ಬೇಕಾದ್ದನ್ನು ಉಳಿಸಿ, ಬೇಡದ್ದನ್ನು ಒಂದೊಂದೇ ಕತ್ತರಿಸುವುದು. ಹೆಣ್ಣುಮಕ್ಕಳ ತಲೆ ಬಾಚಿದವರಿಗೆ ಆ ತಾಳ್ಮೆ ಗೊತ್ತು.

ನೋಡಲು ಬಂದ ಗೆಳೆಯರೆಲ್ಲ ಒಂದೇ ಪ್ರಶ್ನೆ ಎತ್ತುತ್ತಿದ್ದರು: ಎಂಜಿನ್ನು ಬದಲಾದ ಮೇಲೂ ಇದು ಎಂ.ಜಿ.ಯೇ? ಹಳೆಯ ಪ್ರಶ್ನೆ ಇದು. ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳಿದ್ದು ಇದನ್ನೇ ಅಲ್ಲವೇ, ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು. ಅಲ್ಲಿನ ಸರ್ಕಾರಕ್ಕೆ ಅಷ್ಟು ತಲೆನೋವಿಲ್ಲ. ಡ್ಯಾಶ್‌ಬೋರ್ಡಿಗೆ ಹೊಡೆದಿರುವ ನಂಬರಿನ ಪಟ್ಟಿ ಯಾವುದೋ ಕಾರು ಅದೇ. ಒಳಗೆ ಏನೇ ಇರಲಿ, ಹೆಸರು ಎಂ.ಜಿ.ಬಿ.ಯದು.

ನನಗೆ ಅನ್ನಿಸಿದ್ದು, ಎಲ್ಲರೂ ಪಡೆದುಕೊಂಡ ಕಾರಿನ ಬಗ್ಗೆಯೇ ಕೇಳುತ್ತಾರೆ. ಇನ್ನೊಂದಕ್ಕೆ ದಾನಿ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ಕಾರಿಗೆ ಜೀವವಿಲ್ಲ, ಅದನ್ನು ಕೇಳಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಹೆಸರನ್ನು ನಾವು ಕಾರಿಗೆ ಮಾತ್ರ ಇಟ್ಟಿದ್ದೇವೆಯೇ?

ಅಕ್ಕ 1979ರಲ್ಲಿ ಎಸ್.ಎಸ್.ಎಲ್.ಸಿ. ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ತೀರ್ಥಹಳ್ಳಿಯ ಅಡಿಕೆ ಮಂಡಿಯಲ್ಲಿ ಅಪ್ಪ ಗುಮಾಸ್ತರು. ಅಮ್ಮನಿಗೆ ಉಬ್ಬಸ. ಅಕ್ಕ ಕಾಲೇಜಿಗೆ ಹೋಗಲಿಲ್ಲ. ಮನೆ ನೋಡಿಕೊಂಡಳು, ಹೊಲಿಗೆ ಯಂತ್ರ ತುಳಿದಳು. ನನ್ನ ಬಿ.ಎ.ಯ ಪುಸ್ತಕ, ಬಿ.ಎಡ್. ಓದಿದಾಗಿನ ಹಾಸ್ಟೆಲ್ ಖರ್ಚು, ಎಷ್ಟೋ ರವಿಕೆಗಳ ಕೂಲಿಯಿಂದ ಬಂದದ್ದು. "ನಮ್ಮ ದೊಡ್ಡವಳು ತಂಗಿಗೋಸ್ಕರ ತಾನಾಗೇ ಓದು ಬಿಟ್ಲು" ಎಂದು ಅಪ್ಪ ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದರು. ತ್ಯಾಗಮಯಿ ಎಂದು ನೆಂಟರೆಲ್ಲ ಹೊಗಳಿದರು. ನಾನೂ ಹೊಗಳಿದೆ. ಹತ್ತನೇ ತರಗತಿಗೆ 'ತ್ಯಾಗ' ಎಂಬ ಪ್ರಬಂಧ ಬರೆಸುವಾಗ ಪ್ರತಿವರ್ಷ ಅಕ್ಕನ ಉದಾಹರಣೆ ಕೊಟ್ಟೆ. ಮಕ್ಕಳು ಚೆನ್ನಾಗಿ ಬರೆಯುತ್ತಿದ್ದವು. ಗ್ಯಾರೇಜಿನಲ್ಲಿ ಕೂತು ಯೋಚಿಸಿದಾಗ ಗೊತ್ತಾಯಿತು, 'ತಾನಾಗೇ' ಎಂಬ ಮಾತನ್ನು ಅಕ್ಕನ ಬಾಯಿಂದ ನಾನು ಒಮ್ಮೆಯೂ ಕೇಳಿರಲಿಲ್ಲ.

ಮೂತ್ರಪಿಂಡ ಕೊಡುವವರ ಬಗ್ಗೆ ನಮ್ಮಲ್ಲಿ 1994ರ ಕಾಯ್ದೆ ಇದೆ. ಕೊಡುವವರು ಸ್ವ‍ಇಚ್ಛೆಯಿಂದ ಒಪ್ಪಿದ್ದಾರೆಂಬುದು ಬರಹದಲ್ಲಿ ಇರಬೇಕು. ಹದಿನಾರು ವರ್ಷದ ಹುಡುಗಿಯ ಓದಿಗೆ ಅಂಥ ಕಾಗದವಿಲ್ಲ. ಅವಳು ಬೇಡವೆಂದಿದ್ದರೆ ಏನಾಗುತ್ತಿತ್ತು? ಮನೆ ನಡೆಯುತ್ತಿರಲಿಲ್ಲ, ಅದೂ ನಿಜವೇ. ಅಪ್ಪನನ್ನು ದೂರಿ ನನಗೆ ಸಮಾಧಾನವಿಲ್ಲ. ಅವರೂ ಎರಡು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನಾದರೂ ದಡ ಸೇರಿಸಬೇಕೆಂದುಕೊಂಡವರು. ನನ್ನನ್ನು ಕಾಡುವುದು ಬೇರೆ. ಕೊಟ್ಟದ್ದಾದರೆ ನಾನು ಕೃತಜ್ಞಳಾಗಿರಬೇಕು. ನಲವತ್ತು ವರ್ಷ ಹಾಗೇ ಇದ್ದೆ, ಹಬ್ಬಕ್ಕೆ ಸೀರೆ ತಂದುಕೊಟ್ಟೆ, ಕಾಲಿಗೆ ಬಿದ್ದೆ. ಕಿತ್ತುಕೊಂಡದ್ದಾದರೆ? ಆಗ ಕೃತಜ್ಞತೆ ಎನ್ನುವುದು ಬಾಕಿಯ ಲೆಕ್ಕ ಕೇಳಿಸಿಕೊಳ್ಳದಿರಲು ನಾನು ಮಾಡಿಕೊಂಡ ಉಪಾಯವಷ್ಟೇ ಆಗುತ್ತದೆ.

ಒಂದು ರಾತ್ರಿ ಪಾತ್ರೆ ಒರೆಸುತ್ತಾ ಕೇಳಿಯೇಬಿಟ್ಟೆ. "ಅಕ್ಕ, ಆವಾಗ ನಿನ್ನನ್ನ ಯಾರಾದ್ರೂ ಕೇಳಿದ್ರಾ?"

ಯಾವಾಗ ಎಂದು ಅವಳು ಕೇಳಲಿಲ್ಲ. ಒಂದು ತಟ್ಟೆ ಒರೆಸಿ ಇಟ್ಟಳು, ಇನ್ನೊಂದು ತೆಗೆದುಕೊಂಡಳು.

"ಕೇಳಿದ್ರೆ ಹೂಂ ಅಂತಿದ್ದೆ ಮಾರಾಯ್ತಿ. ಅಮ್ಮನ್ನ ಆ ಸ್ಥಿತೀಲಿ ಬಿಟ್ಟು ಎಲ್ಲಿಗೆ ಹೋಗ್ತಿದ್ದೆ?" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಕೇಳಬಹುದಿತ್ತು" ಎಂದಳು.

ನಾವು ಊರಿಗೆ ಬಂದಮೇಲೆ, ಆ ಸೆಪ್ಟೆಂಬರಿನಲ್ಲಿ ಹುಡುಗ ವಿಡಿಯೋ ಕಳಿಸಿದ. ಎಂ.ಜಿ.ಬಿ. ಹೊಸ ದನಿಯಲ್ಲಿ ಗುರುಗುಡುತ್ತ ಏರು ಹತ್ತುತ್ತಿತ್ತು. ಚೆಂದವಿತ್ತು, ಇಲ್ಲವೆನ್ನಲಾರೆ. ಅಕ್ಕ ಎರಡು ಸಲ ನೋಡಿದಳು. ಫೋನು ಮಾಡಿ ಅವನಿಗೆ, "ಇನ್ನೊಂದು ಏನಾಯ್ತೋ?" ಎಂದಳು. ಗುಜರಿಯವನು ತೂಕ ಹಾಕಿ ಒಯ್ದನಂತೆ.

ಫೋನು ಇಟ್ಟ ಮೇಲೆ ನನಗೆ ಹೊಳೆಯಿತು. ಮೂವತ್ತು ವರ್ಷ ಪಾಠ ಹೇಳಿದವಳು ನಾನು, ಎಷ್ಟೋ ಮಕ್ಕಳ ಅಂಕ ಬಾಯಲ್ಲೇ ಇದೆ. ಅಕ್ಕನ ಅಂಕ ನನಗೆ ಗೊತ್ತೇ ಇರಲಿಲ್ಲ. "ಅಕ್ಕ, ನಿಂಗೆ ಗಣಿತದಲ್ಲಿ ಎಷ್ಟು ಬಂದಿತ್ತು?" ಎಂದೆ.

"91" ಎಂದಳು, ಯೋಚಿಸದೆ.