ಸಂತೆಯ ಮಿದುಳು

ತೆಲಂಗಾಣದ ಗಡಿಯೂರು ಮಕ್ತಲಿನ ಸಂತೆಯಲ್ಲಿ ತರಕಾರಿ ಮಾರುವ ಮುದುಕಿ ಒಬ್ಬ ಗಿರಾಕಿಗೆ ತೆಲುಗಿನಲ್ಲಿ ದರ ಹೇಳುತ್ತಾಳೆ, ಇನ್ನೊಬ್ಬನೊಡನೆ ಉರ್ದುವಿನಲ್ಲಿ ಚೌಕಾಸಿಗಿಳಿಯುತ್ತಾಳೆ, ನಡುವೆ ಮೊಮ್ಮಗನನ್ನು ಕನ್ನಡದಲ್ಲಿ ಗದರುತ್ತಾಳೆ. ಹತ್ತಿರದ ನಾರಾಯಣಪೇಟೆಯಲ್ಲಾದರೆ ಮರಾಠಿಯೂ ಕಿವಿಗೆ ಬೀಳುತ್ತದೆ. 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋಗಿ ರಾಯಚೂರು ಮೈಸೂರಿಗೆ ಸೇರಿತು, ಈ ಊರುಗಳು ಆಗಿನ ಆಂಧ್ರಕ್ಕೆ ಹೋದವು. ಮುದುಕಿಯ ನಾಲಿಗೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈ ಕಡೆಯಿಂದ ಯಾರಾದರೂ ನರವಿಜ್ಞಾನ ಓದಲು ಬೆಂಗಳೂರಿಗೆ ಹೋದರೆ ಒಂದಲ್ಲ ಒಂದು ದಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಕಾಲಿಟ್ಟೇ ಇಡುತ್ತಾರೆ. ಅಲ್ಲಿ ನಿಜವಾದ ಮಿದುಳನ್ನೇ ಕೈಗೆ ಕೊಡುತ್ತಾರೆ. ಒಂದೂಕಾಲು ಕಿಲೋದ ಆಚೀಚೆ ತೂಗುವ ಮುದ್ದೆ. ಬದುಕಿದ್ದಾಗ ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳು. ಹಿಡಿದವರು ತಿರುಗಿಸಿ ಮುರುಗಿಸಿ ನೋಡುತ್ತಾರೆ: ಇದರಲ್ಲಿ ಕನ್ನಡ ಎಲ್ಲಿದೆ, ತೆಲುಗು ಎಲ್ಲಿದೆ? ಗದ್ವಾಲ್ ಸೀರೆಯಲ್ಲಿ ಹತ್ತಿಯ ಮೈಗೆ ರೇಷ್ಮೆಯ ಅಂಚು ಕೂಡುವ ಜಾಗ ಬೆರಳಿಗೆ ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ. ಎರಡೂ ಭಾಷೆ ಬಹುಪಾಲು ಅದೇ ಜಾಗಗಳಲ್ಲಿ ಓಡಾಡುತ್ತವೆ, ಒಂದನ್ನು ಆಡುವಾಗ ಇನ್ನೊಂದೂ ಎಚ್ಚರವಾಗಿಯೇ ಇರುತ್ತದೆ. ಅದನ್ನು ಗಳಿಗೆ ಗಳಿಗೆಗೂ ತಡೆಹಿಡಿಯುವುದೇ ಮಿದುಳಿಗೊಂದು ಕಸರತ್ತು.

ಆ ಕಸರತ್ತಿಗೆ ಕೂಲಿ ಉಂಟೆ? ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿತನದ 648 ರೋಗಿಗಳನ್ನು ಪರಿಶೀಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಕಲಿಯದವರಲ್ಲೂ ಇದೇ ಕಥೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಮಾತು. ಶಾಲೆಯ ಮೆಟ್ಟಿಲು ಹತ್ತದ ಒಂದು ತಲೆ, ವ್ಯಾಪಾರ ಮಾಡುತ್ತ ಮಾಡುತ್ತಲೇ, ತನಗೇ ತಿಳಿಯದ ಒಂದು ಉಳಿತಾಯ ಮಾಡಿಕೊಂಡಿರಬಹುದಲ್ಲ! ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ವಾದ ನಡೆದೇ ಇದೆ. ಹೈದರಾಬಾದಿನ ಅಧ್ಯಯನದಲ್ಲೂ ಮೂರನೆಯ ಭಾಷೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲವಂತೆ. ಮಕ್ತಲಿನವರು ಇದನ್ನು ನಂಬುವುದು ಕಷ್ಟ.

ಇಂಥ ಮರೆವನ್ನು ಗುರುತಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೆನಪು, ಗಮನ, ಮಾತು ಇವನ್ನು ಅಳೆಯುವ ಪರೀಕ್ಷೆಗಳನ್ನು ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದೆ. ಅವುಗಳಲ್ಲಿ ತೆಲುಗೂ ಇದೆ, ಕನ್ನಡವೂ ಇದೆ. ಮೇಜಿನ ಮೇಲೆ ಎರಡೂ ಹಾಳೆ ಇಟ್ಟುಕೊಂಡ ವಿದ್ಯಾರ್ಥಿಯ ಎದುರು, ಲೆಕ್ಕಕ್ಕೆ ತೆಲುಗು, ಸಿಟ್ಟಿಗೆ ಕನ್ನಡ ಬಳಸುವ ಆ ಮುದುಕಿಯೇ ಬಂದು ಕೂತರೆ, ಅವನು ಮೊದಲು ಯಾವ ಹಾಳೆಗೆ ಕೈ ಹಾಕಬೇಕು?